ಭಾನುವಾರದ ಮಟ್ಟಿಗೆ

ಮಹಾದೇವಿಗೆ ಮೂವತ್ತಮೂರು ವರ್ಷ. ಬೊಮ್ಮಸಂದ್ರದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುವ ಕೆಲಸ. ಹೆಬ್ಬಗೋಡಿಯಲ್ಲಿ ದಾನೇಶ್ವರಿ ಎಂಬ ಹುಡುಗಿಯ ಜೊತೆ ಒಂದು ಕೋಣೆಯಲ್ಲಿದ್ದಳು. ಊರು ಕುಷ್ಟಗಿಯ ಕಡೆ. ಇಪ್ಪತ್ತಾರರಲ್ಲಿ ಹೊಟ್ಟೆನೋವೆಂದು ಹೋದವಳಿಗೆ ಯಾರೋ ಡಾಕ್ಟರು ಗರ್ಭಕೋಶವನ್ನೇ ತೆಗೆದಿದ್ದರು. ವರ್ಷ ತುಂಬುವುದರೊಳಗೆ ಹಿರಿಯರು ಕೂತು, ಮದುವೆ ಮುರಿದು ಸೋಡಚೀಟಿ ಬರೆಸಿದರು. ಗಂಡ ಬೇರೆ ಮದುವೆಯಾದ.

ಎರಡು ಸಾವಿರದ ಹದಿನೆಂಟರ ಬೇಸಿಗೆಯಲ್ಲಿ ದಾನೇಶ್ವರಿಗೆ ಗಂಡು ಗೊತ್ತಾಯಿತು. ಮದುವೆ ಬರುವ ಸಂಕ್ರಾಂತಿ ಕಳೆದ ಮೇಲೆ.

“ಅಕ್ಕಾ, ನಾ ಹೋದಮ್ಯಾಲೆ ಒಬ್ಬಾಕಿ ಹೆಂಗ ಇರ್ತಿ?” ಎಂದು ಮಹಾದೇವಿಯ ಮೊಬೈಲು ಕೈಗೆತ್ತಿಕೊಂಡಳು. “ನಿನಗ ಏನ್ ಬೇಕು ಅನ್ನೋದನ್ನ ಮೊದ್ಲ ಹೇಳು. ಜೋಡಿ ಹುಡ್ಕೂ ಆಪ್ ಆಮ್ಯಾಲೆ ಆರಿಸೂಣು.”

“ಸಂಜೀಕ ಮಾತಾಡಾಕ ಒಬ್ರು. ಜ್ವರ ಬಂದ್ರ ಹೆಂಗದಿ ಅಂತ ಕೇಳೂವಂಥವ್ರು.”

“ಅಂದ್ರ ಲಗ್ನ.”

“ಲಗ್ನಾನ ಆಗ್ಬೇಕಂತಿಲ್ಲ. ಬಿಟ್ಟು ಹೋಗಬಾರ್ದು, ಅಷ್ಟ.”

ಮೊದಲು ಮದುವೆಯ ಆಪ್ ಹಾಕಿದರು. ಅದು ಜಾತಿ, ಒಳಪಂಗಡ, ನಕ್ಷತ್ರ ಎಲ್ಲ ಕೇಳಿತು. ಮಹಾದೇವಿ ಇದ್ದದ್ದನ್ನು ಇದ್ದಂತೆಯೇ ಬರೆಸಿದಳು: ಆಪರೇಷನ್ ಆಗಿದೆ, ಮಕ್ಕಳಾಗುವುದಿಲ್ಲ. ಎರಡು ತಿಂಗಳಲ್ಲಿ ಬಂದದ್ದು ಒಂದೇ ಕರೆ. ಐವತ್ತೆಂಟರ ವಿಧುರನೊಬ್ಬ, ಹಾಸಿಗೆ ಹಿಡಿದ ತನ್ನ ತಾಯಿಯನ್ನು ಎತ್ತಿ ಕೂರಿಸುವಷ್ಟು ಶಕ್ತಿ ನಿಮಗಿದೆಯೇ ಎಂದು ಕೇಳಿದ.

ಎರಡನೆಯದು ಫೋಟೊ ನೋಡಿ ಎಡಕ್ಕೋ ಬಲಕ್ಕೋ ಸರಿಸುವ ಆಪ್. ಅಲ್ಲಿ ಗಂಡಸರಿಗೆ ಬರವಿರಲಿಲ್ಲ. ಹಾಯ್ ಎಂದವರ ಎರಡನೇ ಮಾತು, ರೂಮಲ್ಲಿ ಯಾರಿರ್ತಾರೆ? ಒಬ್ಬ ನೇರವಾಗಿಯೇ ಬರೆದ: “ಸಂಡೇ ಫ್ರೀ ಇದ್ರೆ ಸಿಗೋಣ ಮೇಡಂ. ಸೀರಿಯಸ್ ಏನೂ ಬೇಡ.” ಮಹಾದೇವಿ ಅದನ್ನು ಅಳಿಸಿಹಾಕಿದಳು.

ಮೂರನೆಯದು ಕೊನೆತನಕ ಜೊತೆ ಬೇಕೆನ್ನುವವರಿಗೆ ಮಾಡಿದ್ದಂತೆ. ಮಕ್ಕಳು ಬೇಕೇ ಎಂಬ ಪ್ರಶ್ನೆ ಬಂದಾಗ ದಾನೇಶ್ವರಿ ಬೆರಳು ನಿಲ್ಲಿಸಿ ಅವಳ ಮುಖ ನೋಡಿದಳು.

“ಖಾಲಿ ಬಿಡು,” ಎಂದಳು ಮಹಾದೇವಿ.

ಹನುಮೇಶ ಸಿಕ್ಕಿದ್ದು ಅಲ್ಲಿಯೇ. ಸಿಂಧನೂರಿನ ಕಡೆಯವನು, ಪೀಣ್ಯದಲ್ಲಿ ಲೇತ್ ಮಷೀನು ನಡೆಸುತ್ತಿದ್ದ, ಮಾಕಳಿಯಲ್ಲಿ ಕೋಣೆ. ಮೂವರು ತಂಗಿಯರ ಮದುವೆ ಮುಗಿಸುವುದರಲ್ಲಿ ಮೂವತ್ತೇಳಾಗಿತ್ತು. ಅವನಿದ್ದದ್ದು ಬೆಂಗಳೂರಿನ ಆ ತುದಿ, ಇವಳಿದ್ದದ್ದು ಈ ತುದಿ. ಭಾನುವಾರ ಅವನು ಮೆಟ್ರೋ ಹತ್ತಿ, ಇವಳು ಬಸ್ಸು ಹತ್ತಿ ಲಾಲ್‌ಬಾಗಿಗೆ ಬರುತ್ತಿದ್ದರು. ಸೂಪರ್‌ವೈಸರನ ನಡಿಗೆಯನ್ನು ಅವಳು ಅಣಕಿಸಿ ತೋರಿಸಿದರೆ ಅವನು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಒಮ್ಮೆ ಅವಳಿಗೆ ಜ್ವರವೆಂದು ಗೊತ್ತಾಗಿ, ಶಿಫ್ಟ್ ಬಿಟ್ಟು, ಎರಡೂವರೆ ತಾಸು ದಾರಿ ಬಂದು, ಬಾಗಿಲಲ್ಲೇ ನಿಂತು ಮಾತ್ರೆ, ಬ್ರೆಡ್ಡು ಕೊಟ್ಟು ಹೋಗಿದ್ದ.

ಪ್ರತಿ ಭಾನುವಾರವೂ ಆಪರೇಷನ್ನಿನ ವಿಷಯ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಮಹಾದೇವಿ ಹೋಗುತ್ತಿದ್ದಳು. ಹಾಗೆಯೇ ನಾಲ್ಕು ತಿಂಗಳಾದವು.

ದೀಪಾವಳಿಗೆ ಊರಿಗೆ ಹೋಗಿ ಬಂದ ಹನುಮೇಶ ಖುಷಿಯಲ್ಲಿದ್ದ. “ಅವ್ವಗ ನಿಮ್ಮ ಫೋಟೊ ತೋರ್ಸೀನ್ರಿ. ಒಪ್ಯಾಳ. ಒಂದ್ ಮೊಮ್ಮಗನ್ನ ಆಡ್ಸಿ ಸಾಯ್ತೀನಿ ಅಂತಾಳ.”

ಮಹಾದೇವಿ ಹೇಳಿದಳು. ಅವನ ಮುಖ ನೋಡದೆ, ಒಂದೇ ಉಸಿರಿನಲ್ಲಿ.

“ಮೊದಲ ದಿನಾನ ಹೇಳಿದ್ರ ನಾ ಮೊದಲ ದಿನಾನ ಎದ್ದು ಹೋಗ್ತಿದ್ದೆ,” ಎಂದ. “ಈಗ ಏನ್ ಮಾಡ್ಲಿ ಹೇಳ್ರಿ?”

“ಅದಕ್ಕ ಹೇಳಿರ್ಲಿಲ್ಲ.”

ಅವನು ಬೈಯಲಿಲ್ಲ. ಬಸ್ಸು ಬರುವವರೆಗೂ ಪಕ್ಕದಲ್ಲಿ ನಿಂತಿದ್ದ. ಮರುದಿನದಿಂದ ಫೋನು ಬರಲಿಲ್ಲ. ಅವಳೂ ಮಾಡಲಿಲ್ಲ.

ಸಂಕ್ರಾಂತಿ ಕಳೆದು ದಾನೇಶ್ವರಿ ಮದುವೆಯಾಗಿ ಹೋದಳು. ಕೆಲವು ದಿನ ಮಹಾದೇವಿ ಇಬ್ಬರಿಗಾಗುವಷ್ಟು ಅನ್ನ ಮಾಡಿ, ಉಳಿದದ್ದನ್ನು ಬೆಳಗ್ಗೆ ತಾನೇ ತಿನ್ನುತ್ತಿದ್ದಳು. ಫೆಬ್ರವರಿಯ ಒಂದು ಸಂಜೆ ಹನುಮೇಶನ ಫೋನು ಬಂತು.

“ಹುಡುಗಿ ಗೊತ್ತಾಗೇತ್ರಿ. ಮೇ ತಿಂಗಳದಾಗ ಲಗ್ನ. ಅಲ್ಲೀತನಕ ಭಾನುವಾರ ಅಷ್ಟ ಸಿಗೂಣೇನ್ರಿ? ನಿಮ್ಮ ಕೂಡ ಮಾತಾಡ್ದ ನನಗ ಇರಾಕ ಆಗವಲ್ದು.”

ಅವನು ಅಳುತ್ತಿದ್ದ. ಫೋನು ಇಟ್ಟುಬಿಡಬೇಕು ಎಂದು ಅವಳಿಗೆ ಗೊತ್ತಿತ್ತು. ಇದೇ ಮಾತನ್ನು ಅಪರಿಚಿತನೊಬ್ಬ ಬರೆದಾಗ ಅವಳು ಎಷ್ಟು ಸುಲಭವಾಗಿ ಅಳಿಸಿದ್ದಳು! ಮೂರು ವಾರದಿಂದ ಆ ಕೋಣೆಯಲ್ಲಿ ಅವಳ ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ.

“ಎಷ್ಟೊತ್ತಿಗೆ ಬರ್ಲಿ?” ಎಂದು ಕೇಳಿದಳು.

ಭಾನುವಾರ ಬಾಗಿಲು ಹಾಕಿಕೊಂಡು ಹೊರಟಾಗ ಮನೆ ಒಡತಿ ಪಿಳ್ಳಮ್ಮ, “ಏನಮ್ಮ, ಗಂಡು ಗೊತ್ತಾಯ್ತಾ? ಇಂಗೆ ಸಿಂಗಾರ ಮಾಡ್ಕೊಂಡ್ ಒಂಟಿದ್ದೀಯ?” ಎಂದು ನಗುತ್ತ ಕೇಳಿದಳು. ಹ್ಞೂಂ ಎಂದೂ ಅನ್ನದೆ, ಇಲ್ಲ ಎಂದೂ ಅನ್ನದೆ ಮಹಾದೇವಿ ಹೊಸೂರು ರಸ್ತೆಗೆ ನಡೆದಳು. ಹನುಮೇಶನ ಮದುವೆಗೆ ಹನ್ನೊಂದು ಭಾನುವಾರ ಉಳಿದಿದ್ದವು. ಅವುಗಳಲ್ಲಿ ಎರಡು ದಿನ ಓವರ್‌ಟೈಮ್ ಇದ್ದುದರಿಂದ ಅವನು ಬರುವಂತಿರಲಿಲ್ಲ.