ನಾಲ್ಕು ಹೆಜ್ಜೆ ಆಚೆಗಿನ ಮೇಜು

ಫೋನ್ ಮಾಡಿದ್ದು ನಾನೇ. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಸ್ವಭಾವ ನನ್ನದಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನಗರದ ಕೂಲಿ ಕಚೇರಿಯವರು ಹೆಸರು ಕೇಳಿದರು. ಹೇಳಲ್ಲ ಅಂದೆ. ಹೇಳದಿದ್ದರೂ ನಡೆಯುತ್ತೆ, ಹೇಳಿದರೂ ಯಾರಿಗೂ ಬಿಟ್ಟುಕೊಡಲ್ಲ ಅಂದರು. ಹಾಗಿದ್ದ ಮೇಲೆ ಯಾಕೆ ಕೇಳಿದರೋ ದೇವರೇ ಬಲ್ಲ.

ಮಿಷನ್ ರಸ್ತೆಯ ತುದಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಮುಗಿದು ಡೇಲಿ ಸಿಟಿ ಶುರುವಾಗುವ ಕಡೆ, ನೆಮೆಸಿಯೊನ ಹೋಟೆಲಿದೆ. ಅದರ ಗಲ್ಲಾದ ಹಿಂದೆ ಕೂತು ನನಗೆ ಹತ್ತೊಂಬತ್ತು ವರ್ಷವಾಯಿತು. ಎರಡು ಊರುಗಳ ಗಡಿ ಅವನ ಅಡುಗೆಮನೆಯ ನಟ್ಟನಡುವೆ ಹಾದುಹೋಗುತ್ತದೆ. ಮೊದಲು ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಮಂಜು ಎರಡೂ ಕಡೆ ಒಂದೇ ಥರ ಕವಿಯುತ್ತದೆ. ಆದರೆ ಕನಿಷ್ಠ ಕೂಲಿಯನ್ನು ಆಯಾ ಊರೇ ಗೊತ್ತುಮಾಡುತ್ತದೆ, ಉತ್ತರಕ್ಕಿರುವ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಗಂಟೆಗೆ ಹೆಚ್ಚು, ದಕ್ಷಿಣದ ಡೇಲಿ ಸಿಟಿ ಕಡೆ ಕಡಿಮೆ. ಯಾವ ನೆಲದ ಮೇಲೆ ನಿಂತು ದುಡಿದರೆ ಆ ನೆಲದ ಕೂಲಿ. ಎರಡು ವರ್ಷದ ಹಿಂದೆ ನೆಮೆಸಿಯೊನಿಗೆ ಈ ಜ್ಞಾನೋದಯವಾಯಿತು. ಎಲ್ಲಿಂದಲೋ ನಕ್ಷೆ ತಂದ, ನೆಲಕ್ಕೆ ಹಳದಿ ಟೇಪು ಅಂಟಿಸಿದ, ಬೆನಿಲ್ಡಾಳ ಮೇಜನ್ನು ನಾಲ್ಕು ಹೆಜ್ಜೆ ದಕ್ಷಿಣಕ್ಕೆ ಸರಿಸಿದ.

ಬೆನಿಲ್ಡಾ ನಮ್ಮಲ್ಲಿ ಲುಂಪಿಯಾ ಸುತ್ತುವವಳು. ತೆಳ್ಳನೆಯ ಹಿಟ್ಟಿನ ಹಾಳೆಯೊಳಗೆ ಮಾಂಸ, ಕ್ಯಾರೆಟ್ ಇಟ್ಟು ಅವಳು ಸುತ್ತಿದರೆ ಎಣ್ಣೆಗೆ ಬಿದ್ದ ಮೇಲೂ ಒಂದಾದರೂ ಬಾಯಿ ಬಿಡುವುದಿಲ್ಲ. ಅವಳೂ ಹಾಗೆಯೇ, ಬಾಯಿ ಬಿಡುವವಳಲ್ಲ, ಭಾನುವಾರ ಒಂದು ಬಿಟ್ಟು. ಅಂದು ಚರ್ಚಿನ ಹಾಡಿನ ಗುಂಪಿನಲ್ಲಿ ಮೊದಲ ದನಿ ಅವಳದು. ಮೇಜು ಸರಿದ ಮೇಲೆ ಮನೆ ಬಾಡಿಗೆಗೆ ಸಾಲದಾಯಿತು. ಭಾನುವಾರಕ್ಕೆ ಒಂದು ಲಾಂಡ್ರಿಯಲ್ಲಿ ಕೆಲಸ ಹಿಡಿದಳು, ಹಾಡು ನಿಂತಿತು. ಮೇಜನ್ನ ಮೊದಲಿನ ಜಾಗದಲ್ಲೇ ಇಡಿ ಅಂತ ಅವನನ್ನ ಕೇಳಿ ನೋಡೇ ಅಂತ ನಾನು ಎಷ್ಟೋ ಸಲ ತಿವಿದೆ. ಮನಿಲಾದಿಂದ ಬಂದಿಳಿದ ವಾರವೇ ಕರೆದು ಕೆಲಸ ಕೊಟ್ಟವನು ನೆಮೆಸಿಯೊ, ಅನ್ನದ ಋಣ ದೊಡ್ಡದು ಅಂದಳು. “ನಾಲ್ಕು ಹೆಜ್ಜೆ ತಾನೇ, ಅಕ್ಕ” ಅಂದಳು. ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಫೋನ್ ಮಾಡಿದೆ.

ಆರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕಚೇರಿಯಿಂದ ಫಾಂಗ್ ಮೇಡಂ ಬಂದರು. ಕೈಯಲ್ಲೊಂದು ಕಡತ, ಸೊಂಟದಲ್ಲೊಂದು ಅಳತೆಪಟ್ಟಿ. ನಮ್ಮ ಫಿಲಿಪೀನ್ಸಿನವರ ಮನೆಗೆ ಯಮನೇ ಬಂದರೂ ಮೊದಲು ಕೇಳುವುದು ಊಟ ಆಯ್ತಾ ಅಂತ. ನೆಮೆಸಿಯೊ ತಟ್ಟೆ ತುಂಬಿಸಿ ತಂದ. ಪುಕ್ಕಟೆ ತಿನ್ನುವ ಹಾಗಿಲ್ಲ ಅಂದರು ಅವರು. ತಿನ್ನದೆ ಹೋಗುವ ಹಾಗಿಲ್ಲ ಅಂದ ಇವನು. ಕೊನೆಗೆ ಮೇಡಂ ನನಗೆ ದುಡ್ಡು ಕೊಟ್ಟು, ರಸೀತಿ ತಗೊಂಡು, ಅದನ್ನು ಕಡತದಲ್ಲಿಟ್ಟು, ಆಮೇಲೆ ಏಳು ಲುಂಪಿಯಾ ತಿಂದರು. ಇವರು ಕೆಲಸಕ್ಕೆ ಬರುವ ಹೆಂಗಸು ಅಂತ ನನಗೆ ಆಗಲೇ ಅನ್ನಿಸಿತು.

ತಿಂದಾದ ಮೇಲೆ ನೆಲ ಅಳೆದರು. ಟೇಪು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನೆಮೆಸಿಯೊನ ಎದೆ ಉಬ್ಬಿತು. ಆಮೇಲೆ ಅವರು ಸ್ಟೂಲಿನ ಮೇಲೆ ಕೂತು, ಗಡಿಯಾರ ಹಿಡಿದು, ಫ್ರಿಜ್ಜಿಗೆ ಒಲೆಗೆ ಅಂತ ಬೆನಿಲ್ಡಾ ಗೆರೆ ದಾಟಿದ್ದನ್ನೆಲ್ಲ ಬರೆದುಕೊಂಡರು. ಎರಡು ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷ. ಅಷ್ಟಕ್ಕೆ ಮಾತ್ರ ಈ ಕಡೆಯ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋದ, ಕೂಲಿ ಕೊಡಬೇಕು, ಮಿಕ್ಕಿದ್ದರಲ್ಲಿ ತಪ್ಪಿಲ್ಲ ಅಂದರು. ಅಷ್ಟೇ ತಾನೇ, ನಾಳೆ ಫ್ರಿಜ್ಜನ್ನೂ ಆ ಕಡೆಗೇ ಹಾಕಿಸ್ತೀನಿ ಅಂತ ನಕ್ಕ ನೆಮೆಸಿಯೊ. ಬೆನಿಲ್ಡಾ ಲುಂಪಿಯಾ ಸುತ್ತುತ್ತಲೇ ಇದ್ದಳು. ಉಪಕಾರ ಮಾಡಲು ಹೋಗಿ ಇದ್ದ ಇಪ್ಪತ್ತೆರಡು ನಿಮಿಷಕ್ಕೂ ಕಲ್ಲು ಹಾಕಿದೆನಲ್ಲ ಅಂತ ನನಗೆ ಅಳುವೇ ಬಂತು.

ಹೊರಡುವಾಗ ಮೇಡಂ ಕೂಲಿಯ ನೋಟೀಸು ಎಲ್ಲಿ ಅಂತ ಕೇಳಿದರು. ಕೆಲಸದವರ ಕಣ್ಣಿಗೆ ಬೀಳುವ ಹಾಗೆ ಅದನ್ನು ಅಂಟಿಸಿರಬೇಕು ಅನ್ನುವುದು ನಿಯಮ. ಅದು ಗೋಡೆಯ ಮೇಲೇ ಇತ್ತು, ಆದರೆ ಅದರ ಮೇಲೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ನೇತಾಡುತ್ತಿತ್ತು. ನಾನೇ ಎದ್ದು ಕಟ್ಟನ್ನು ಇಳಿಸಿದೆ. ಇಳಿಸಿ, ಅಕ್ಷರ ಮೇಡಂ ಕಡೆಗಿರುವ ಹಾಗೆ ಗಲ್ಲಾದ ಮೇಲೆ ನಿಲ್ಲಿಸಿದೆ. ಬೇಕಂತಲೇ ಮಾಡಿದೆ ಅಂತ ಯಾರಾದರೂ ಅಂದರೆ ನಾನು ಅಲ್ಲ ಅನ್ನುವುದಿಲ್ಲ.

ಹೋದ ವರ್ಷ ನಮ್ಮ ಬೀದಿಯ ವ್ಯಾಪಾರಿಗಳು ಲುಂಪಿಯಾ ಸ್ಪರ್ಧೆ ಇಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ನೆಲದಲ್ಲಿ ಸುತ್ತಿದ್ದಕ್ಕೆ ಮಾತ್ರ ಪ್ರವೇಶ. ನನ್ನ ಹೋಟೆಲಿನ ಪ್ರತಿಯೊಂದು ಲುಂಪಿಯಾ, ವರ್ಷದ ಪ್ರತಿದಿನ, ಈ ನಗರದ ಗಡಿಯೊಳಗೇ ಸುತ್ತಿದ್ದು ಅಂತ ನೆಮೆಸಿಯೊ ಸಹಿ ಹಾಕಿಕೊಟ್ಟ. ಮೊದಲ ಬಹುಮಾನ ಬಂತು, ಆ ಮಾತನ್ನೇ ಅವನ ಸಹಿಯ ಸಮೇತ ಪ್ರಶಸ್ತಿಪತ್ರದಲ್ಲಿ ಅಚ್ಚು ಹಾಕಿಸಿ ಕೊಟ್ಟರು; ಪಕ್ಕದ ಬೀದಿಯ ಟಿಯೋಫಿಲೊನಿಗೆ ಎರಡನೆಯದು. ಪಾದ್ರಿಗಳು ಪೂಜೆಯಾದ ಮೇಲೆ ಹೆಸರು ಹೇಳಿ ಹೊಗಳಿದರು. ಬಹುಮಾನಕ್ಕೆ ಬಂದ ಪದಕ ಹಾಕಿಕೊಂಡು ಇವನು ಒಂದು ತಿಂಗಳು ಓಡಾಡಿದ್ದಾನೆ, ಹಲ್ಲಿನ ಡಾಕ್ಟರ ಹತ್ತಿರಕ್ಕೂ.

ಮೇಡಂ ಪತ್ರವನ್ನು ಎರಡು ಸಲ ಓದಿದರು.

“ಸಹಿ ನಿಮ್ದೇನಾ?”

“ನಂದೇ.”

“ಹಾಗಾದ್ರೆ ಮೇಜು ಯಾವಾಗ್ಲೂ ಗೆರೆ ಈಚೆಗೇ ಇದ್ದಿರ್ಬೇಕಲ್ಲ. ಟೇಪು ನಿಜಾನಾ, ಈ ಪತ್ರ ನಿಜಾನಾ? ನಾನು ಯಾವುದಾದ್ರೂ ಒಂದನ್ನ ಬರ್ಕೋಬೇಕು.”

ಪತ್ರ ನಿಜವಾದರೆ ಎರಡು ವರ್ಷದ ಬಾಕಿ ಕೂಲಿ ಕಕ್ಕಬೇಕು. ಟೇಪು ನಿಜವಾದರೆ ದುಡ್ಡು ಉಳಿಯುತ್ತದೆ, ಮಾನ ಟಿಯೋಫಿಲೊನ ಪಾಲಾಗುತ್ತದೆ. ನೆಮೆಸಿಯೊನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಮೇಜು ಎಲ್ಲಿತ್ತು ನೀನೇ ಹೇಳು ಅಂತ ಬೆನಿಲ್ಡಾಳ ಕಡೆ ತಿರುಗಿದ.

ಈ ಕಡೇನೇ ಇತ್ತು ಅನ್ನೇ ಪೆದ್ದಿ ಅಂತ ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಆ ಒಂದು ಮಾತು ಸಾಕಿತ್ತು. ಎರಡು ವರ್ಷದ ದುಡ್ಡೂ ಬರುತ್ತಿತ್ತು, ಅವನ ಪದಕವೂ ಉಳಿಯುತ್ತಿತ್ತು.

ಬೆನಿಲ್ಡಾ ಕೈ ಒರೆಸಿಕೊಂಡಳು. “ನೀವು ಇಟ್ಟ ಕಡೇನೇ ಇತ್ತು, ಅಣ್ಣ, ಗೆರೆ ಆಚೆಗೆ. ಸ್ಪರ್ಧೆ ದಿನ ಮಾತ್ರ ಈಚೆಗೆ ತಂದಿದ್ರಿ. ಅವತ್ತು ಭಾನುವಾರ. ಲಾಂಡ್ರಿಗೆ ರಜಾ ಹಾಕಿ ಬಂದು ಸುತ್ತಿದೆ. ನಿಮ್ಮ ಹೆಸರು ಉಳೀಲಿ ಅಂತ.”

ಅಷ್ಟು ಹೇಳಿ ಮತ್ತೆ ಹಾಳೆ ಬಿಡಿಸತೊಡಗಿದಳು. ಮೇಡಂ ಅದನ್ನೇ ಬರೆದುಕೊಂಡರು. ನೆಮೆಸಿಯೊ ಟೇಪನ್ನು ನೋಡಿದ, ಅವಳ ಕೈಯನ್ನು ನೋಡಿದ.

“ಪತ್ರದಲ್ಲಿರೋದನ್ನೇ ಬರ್ಕೊಳ್ಳಿ ಮೇಡಂ. ಎರಡು ವರ್ಷದ್ದೂ ಕೊಡ್ತೀನಿ” ಅಂದ.

ಸುಳ್ಳನ್ನು ಬರೆಯುವ ಹಾಗಿಲ್ಲ ಅಂದರು ಮೇಡಂ. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, “ಕಾನೂನು ಹೇಳೋದು ಕಡಿಮೆ ಅಂದ್ರೆ ಎಷ್ಟು ಕೊಡ್ಬೇಕು ಅಂತ ಅಷ್ಟೇ. ಜಾಸ್ತಿ ಕೊಟ್ರೆ ನಮ್ಮ ಕಚೇರಿ ಅಡ್ಡ ಬರಲ್ಲ” ಅಂದರು.

ಯಾರನ್ನೂ ಕರೆಯದೆ ಅವನೊಬ್ಬನೇ ಮೇಜನ್ನು ಗೆರೆಯ ಈಚೆಗೆ ಎಳೆದು ತಂದ. ಸೊಂಟ ಹಿಡಿದುಕೊಂಡಿತು, ಹಿಡಿದುಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ. ಮಾರನೆಯ ದಿನ ಪದಕವನ್ನು ಟಿಯೋಫಿಲೊನ ಅಂಗಡಿಯಲ್ಲಿ ಇಟ್ಟು ಬಂದ. ಟಿಯೋಫಿಲೊ ಅದನ್ನು ಹಾಕಿಕೊಂಡೇ ನಮ್ಮಲ್ಲಿಗೆ ಕಾಫಿಗೆ ಬರುತ್ತಾನೆ, ದಿನಾ. ಪ್ರಶಸ್ತಿಪತ್ರವಿದ್ದ ಜಾಗದಲ್ಲಿ ಈಗ ಕೂಲಿಯ ನೋಟೀಸು ಕಾಣುತ್ತದೆ. ಎರಡು ಕಂತಿನಲ್ಲಿ ಬಾಕಿಯೂ ತೀರಿತು.

ಬೆನಿಲ್ಡಾ ಲಾಂಡ್ರಿ ಬಿಟ್ಟಳು. ಮೊದಲ ಭಾನುವಾರ ನೆಮೆಸಿಯೊ ಎಂದಿನಂತೆ ಚರ್ಚಿನ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ. ಅವಳು ದನಿ ಎತ್ತಿದಳು. ಎರಡು ವರ್ಷ ಅದುಮಿಟ್ಟ ದನಿ ಮಾಡು ಮುಟ್ಟಿತು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಇವನನ್ನು ಕೆಣಕೋಣ ಅಂತ ತಿರುಗಿದರೆ ಇವನು ಟೋಪಿಯನ್ನು ತೊಡೆಯ ಮೇಲಿಟ್ಟು ಹಿಂಡುತ್ತಿದ್ದ.

“ಪ್ರತಿ ಭಾನುವಾರ ಇಲ್ಲೇ ಕೂತಿದ್ದೆ, ಅಕ್ಕ,” ಅಂದ ಮೆಲ್ಲಗೆ. “ಅವಳು ಹಾಡ್ತಿಲ್ಲ ಅನ್ನೋದು ಒಂದಿನಾನೂ ನನ್ನ ಗಮನಕ್ಕೇ ಬರ್ಲಿಲ್ಲ.”