ಹೊಸ್ತಿಲಲ್ಲಿ ಹೇಳೋ ಹೆಸರು

ಒಂದು ಚಪ್ಪಲಿ ಬಿದ್ದ ಸದ್ದು, ಇನ್ನೊಂದು ಬೀಳಲಿಲ್ಲ, ಅಂದ್ರೆ ಕೀರ್ತಿ ಬಂದ್ಲು, ನನ್ನ ಮಹಡಿ ಮೇಲೆ ಬಾಡಿಗೆಗಿರೋ ಮಹಾರಾಣಿ, ಮನಸ್ಸಲ್ಲಿ ಏನಾದ್ರೂ ಕೊರೀತಿದ್ರೆ ಹಿಂಗೇ ಹೊಸ್ತಿಲಲ್ಲಿ ಒಂಟಿಕಾಲಲ್ಲಿ ನಿಲ್ತಾಳೆ, ಕೊಕ್ಕರೆ — ಹಾಲು ಕಾಯ್ತಿದೆ, ಉರಿ ಸಣ್ಣ ಮಾಡ್ಬೇಕು — ಇವಳ ಕೆಲಸ ಏನೋ ರೋಗದ ಹುಳದ ಒಳಗಿರೋ ಅಕ್ಷರ ಓದೋ ಸಾಫ್ಟ್‌ವೇರ್ ಅಂತೆ, ಲೋಕಕ್ಕೆಲ್ಲ ಪುಕ್ಕಟೆ, ಯಾರು ಬೇಕಾದ್ರೂ ತಗೊಂಡು ತಿದ್ದಬಹುದು, ಮಾಡಿದೋರ ಹೆಸರು ಹಾಕೋದೇ ಕೂಲಿ ಅಜ್ಜಿ ಅಂತ ಇವಳೇ ಹೇಳಿದ್ದು, ಇವಳೂ ಇವಳ ಗೆಳತಿ ಅಮ್ರೀನೂ ಮೇಲೆ ಕೂತು ಕಂಪ್ಯೂಟರ್ ಕುಟ್ಟಿದ ಸದ್ದಿಗೆ ಸಂಜಯನಗರವೇ ನಡುಗ್ತಿತ್ತು, ನಾನು ಕಳಿಸಿದ ಮಂಡಕ್ಕಿ ಒಂದು ಲಾರಿ ಆದ್ರೂ ಆಗಿರ್ಬೇಕು, ಮುಕ್ಕಾಲು ಕೆಲಸ ಅಮ್ರೀನ್‌ದು, ಅವಳ ಕಂಪ್ಯೂಟರ್ ಕೆಟ್ಟಿತ್ತು, ಕೀರ್ತಿದ್ರಲ್ಲೇ, ಕೀರ್ತಿ ಹೆಸರಲ್ಲೇ ಒಳಗೆ ಹೋಗಿ ಮಾಡ್ತಿದ್ಲು, ಮೆಷಿನ್‌ಗೇನು ಗೊತ್ತು ಯಾರ ಬೆರಳು ಅಂತ, ಎಲ್ಲಾ ಕೀರ್ತಿ ಕೀರ್ತಿ ಅಂತ ಬರ್ಕೊಂಡಿದೆ, ಈಗ ಅಮ್ರೀನ್ ಆರ್.ಟಿ. ನಗರದಲ್ಲಿ ಕೂಸು ಎತ್ಕೊಂಡು ಕೆಲಸ ಹುಡುಕ್ತಿದ್ದಾಳೆ, ಏನಮ್ಮಾ ಮಾಡಿದ್ದೀಯ ತೋರ್ಸು ಅಂದ್ರೆ ಏನು ತೋರಿಸ್ತಾಳೆ, ಕೂಸನ್ನಾ, ಬಾಯಿಬಿಟ್ಟು ಕೇಳೋಳೂ ಅಲ್ಲ — ಇವತ್ತು ಸಂಜೆ ಅದನ್ನ ಹೆಸರುಗಳ ಸಮೇತ ಲೋಕಕ್ಕೆ ಬಿಡ್ತಾರಂತೆ, ಈಗ ಹೇಳಿದ್ರೆ ಇಷ್ಟು ದಿನ ಯಾಕೆ ಸುಮ್ನಿದ್ದೆ ಅಂತಾರೆ ಅಜ್ಜಿ ಅಂತ ಬೆಳಿಗ್ಗೆ ಮೊಣಕೈವರೆಗೆ ಉಗುರು ಕಚ್ಚಿದ್ಲು, ನನ್ನ ಬಂಗಾರ, ಕಳ್ಳಿ ಅಲ್ಲ, ಅಂಜುಬುರುಕಿ — ನಾನೂ ಹಿಂಗೇ ನಿಂತಿದ್ನಲ್ಲ, ಬಾಗಲಕೋಟೆ ಕಡೆ, ಹೊಸ ಮದುಮಗಳು, ಒಂದು ಕಾಲು ಒಳಗೆ, ಒಂದು ಹೊರಗೆ, ನಾದಿನಿಯರು ಬಾಗಿಲಿಗೆ ಕೈ ಅಡ್ಡ ಇಟ್ಟು ಪ್ರಾಸ ಜೋಡಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳು, ಹೇಳದಿದ್ರೆ ಒಳಗೆ ಬಿಡಲ್ಲ ಅಂದ್ರು, ಹಂಗೇ ನೂರು ವರ್ಷ ನಿಂತೆ, ಕೊನೆಗೆ ಬೆಳ್ಳಿ ಬಟ್ಟಲು ಕೆನೆ ಮೊಸರು ಅಂತ ಏನೋ ಜೋಡಿಸಿ ಶಿವಪ್ಪ ಅಂದುಬಿಟ್ಟೆ, ಕಂಬದ ಹಿಂದೆ ಅವರ ಕಿವಿ, ಕೆಂಪಗೆ, ಊರಿಗೆಲ್ಲ ದೀಪ ಬೇಡ ಅನ್ನೋ ಹಂಗೆ, ಈಗ ಅವರಿಲ್ಲ, ಆ ಕೆಂಪು ಕಿವಿ ನನ್ನ ಹತ್ರಾನೇ ಇದೆ — ಎದ್ದೆ, ಮಂಡಿ ಕಟಕ್, ಬಾಗಿಲಿಗೆ ಕೈ ಅಡ್ಡ ಇಟ್ಟೆ, ಹೆಸರು ಹೇಳಿದ್ರೆ ಒಳಗೆ, ಇಲ್ಲಾಂದ್ರೆ ಕಾಫಿ ಇಲ್ಲ ಕಣೇ, ಅಜ್ಜಿ ತಮಾಷೆ ಬೇಡ, ತಮಾಷೆ ಅಲ್ಲವ್ವಾ, ಯಾರ ಹೆಸರು ಅಂತ ನಿಂಗೊತ್ತು — ಒಂಟಿಕಾಲಲ್ಲೇ ಫೋನ್ ತೆಗೆದ್ಲು, ಹೆಸರಿನ ಪಟ್ಟಿ ಮಾಡೋ ಸಾಹೇಬರಿಗೆ ಹಚ್ಚಿದ್ಲು, ಸರ್, ಅದ್ರಲ್ಲಿ ಮುಕ್ಕಾಲು ಕೆಲಸ ನಂದಲ್ಲ ಸರ್, ನನ್ನ ಲಾಗಿನ್‌ನಲ್ಲಿ ಕೂತು ಮಾಡಿದ್ದು ಅಮ್ರೀನ್, ತಪ್ಪು ನಂದೇ, ಅವಳ ಹೆಸರು ಮೊದಲು ಹಾಕಿ — ಆ ಕಡೆಯಿಂದ ಏನೋ ಕೇಳಿದ್ರು, ಹಾಲು ಉಕ್ಕಿತು, ಉಕ್ಲಿ, ಹೂಂ ಸರ್, ಪೂರ್ತಿ ಹೆಸರು ಅಮ್ರೀನ್ ತಾಜ್ ಸರ್ — ನಾನು ಕೈ ತೆಗೆದೆ, ಇನ್ನೊಂದು ಚಪ್ಪಲಿ ಬಿತ್ತು, ಅಲ್ಲಿ ಆರ್.ಟಿ. ನಗರದಲ್ಲಿ ಕೂಸಿನ ಮುಷ್ಟಿಗೆ ಸಿಕ್ಕಿರೋ ಅಮ್ರೀನ್ ಕಿವಿ, ಇನ್ನೂ ಗೊತ್ತಿಲ್ಲ ಅದಕ್ಕೆ, ಈಗ ಫೋನ್ ಹೋಗುತ್ತೆ, ಈಗ ಕೆಂಪಗಾಗುತ್ತೆ, ಕಿವಿ, ಕೆಂಪು ಕಿವಿ