ಲೆಕ್ಕಕ್ಕೆ ಬಾರದ ಹೆಜ್ಜೆಗಳು

ಆಸ್ಪತ್ರೆಯ ಜಾಲತಾಣಕ್ಕೆ ಬಂದವರು ಯಾವ ಪುಟದಿಂದ ಯಾವ ಪುಟಕ್ಕೆ ಹೋದರು, ಎಲ್ಲಿ ಮುಗ್ಗರಿಸಿದರು ಎಂದು ನೋಡುತ್ತ ಕೂರುವುದೇ ಅವಳ ಕೆಲಸ. ಹೋದವರು ಹೋದ ಹಾಗೇ ವಾಪಸ್ ಬಂದರೆ ಅಲ್ಲೊಂದು ಲಿಂಕ್ ಕೆಟ್ಟಿದೆ ಎಂದರ್ಥ. ಆಫೀಸಿನವರು ‘ಪತ್ತೇದಾರಿ’ ಎಂದು ರೇಗಿಸುತ್ತಿದ್ದರು. ಆರು ವರ್ಷ ಕಂಡಕಂಡವರ ಹೆಜ್ಜೆ ಎಣಿಸಿ ಪತ್ತೇದಾರಿಗೆ ಸಾಕುಸಾಕಾಗಿತ್ತು. ಮನೆಯಲ್ಲಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವಷ್ಟು ತ್ರಾಣ ಉಳಿಯುತ್ತಿರಲಿಲ್ಲ.

ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಿತ್ತು, ಅದೇ ಆಸ್ಪತ್ರೆಯಲ್ಲಿ. ಈ ತಿಂಗಳ ಸರದಿಗೆ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಶುಕ್ರವಾರ ಸಂಜೆ ಐದು ಗಂಟೆಯೇ ಕೊನೆ. ನಾನೇ ಮಾಡ್ಕೋತೀನಿ ಎಂದು ಹಟ ಹಿಡಿದಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಒಂದು ಗುಂಡಿ ಒತ್ತಲು ಮಗಳನ್ನು ಕೇಳುವುದುಂಟೆ?

ಬುಧವಾರ ಬೆಳಿಗ್ಗೆ ಮಾತ್ರ ಕೇಳಿದರು. “ನೋಂದಣಿ ಅಂತ ಒತ್ತಿದ್ರೆ ‘ಪುಟ ಇಲ್ಲ’ ಅಂತ ಬರುತ್ತಲ್ಲಮ್ಮ?”

ಅವಳು ಚಪ್ಪಲಿ ಮೆಟ್ಟುತ್ತಿದ್ದಳು. “ನೀವೇ ಎಲ್ಲೋ ತಪ್ಪಾಗಿ ಒತ್ತಿರ್ತೀರಪ್ಪ. ದಿನಾ ನೋಡೋಳು ನಾನು. ಇನ್ನೊಬ್ಬರು ಯಾರೂ ಅಲ್ಲಿ ಎಡವಿಲ್ಲ.”

“ಇರಬಹುದು,” ಎಂದರು ಅಪ್ಪ.

ಶುಕ್ರವಾರ ಮಧ್ಯಾಹ್ನ ವಾರದ ವರದಿ ತಾಳೆಯಾಗಲಿಲ್ಲ. ‘ಪುಟ ಇಲ್ಲ’ ಎಂಬ ಸಂದೇಶ ಸರ್ವರಿನ ಪ್ರಕಾರ ಅರವತ್ತೆರಡು ಸಲ ಹೋಗಿತ್ತು. ಅವಳ ಪಟ್ಟಿಯಲ್ಲಿ ಸೊನ್ನೆ. ಸಿಬ್ಬಂದಿ ಪರೀಕ್ಷೆಗೆಂದು ಒತ್ತಿದ್ದೆಲ್ಲ ಲೆಕ್ಕದಲ್ಲಿ ಬೆರೆಯಬಾರದೆಂದು ಅವರ ಕಂಪ್ಯೂಟರುಗಳನ್ನು ಸೋಸಿ ತೆಗೆಯುವ ಪದ್ಧತಿಯಿತ್ತು. ಆಗಾಗ ಮನೆಯಿಂದಲೂ ಕೆಲಸ ಮಾಡುವ ಅವಳು ತನ್ನ ಮನೆಯ ಕಂಪ್ಯೂಟರನ್ನೂ ಹಾಗೆ ಸೋಸುವವುಗಳ ಸಾಲಿಗೆ ಸೇರಿಸಿ ಮರೆತುಬಿಟ್ಟಿದ್ದಳು. ಈಗ ಸೋಸುವುದನ್ನು ನಿಲ್ಲಿಸಿ ನೋಡಿದಳು.

ಮನೆಯ ಕಂಪ್ಯೂಟರಿನಲ್ಲಿ ಅವಳೇ ಹಿಂದೆಂದೋ ಉಳಿಸಿಟ್ಟಿದ್ದ ಹಳೆಯ ಪುಟ, ಬೇರೆ ಯಾರೂ ಬಳಸದಂಥದ್ದು. ಅಪ್ಪ ಹೊರಟಿದ್ದು ಅದರಿಂದಲೇ: ಅಲ್ಲಿಂದ ನೋಂದಣಿ, ಅಲ್ಲಿಂದ ‘ಪುಟ ಇಲ್ಲ’, ಮತ್ತೆ ವಾಪಸ್. ನಾಲ್ಕು ದಿನದಿಂದ ಇದೇ ಪಾಡು. ಬುಧವಾರ ಅವಳು ಮನೆ ಬಿಟ್ಟ ಮೇಲೆ ದಾರಿ ಬದಲಾಗಿತ್ತು: ‘ಪುಟ ಇಲ್ಲ’ದಿಂದ ಮೆದುಳಿನ ವಿಭಾಗಕ್ಕೆ, ಅಲ್ಲಿಂದ ‘ಮರೆವಿನ ಕಾಯಿಲೆಯ ಮೊದಲ ಲಕ್ಷಣಗಳು’ ಎಂಬ ಪುಟಕ್ಕೆ. ಅಲ್ಲಿ ಇಪ್ಪತ್ತಮೂರು ನಿಮಿಷ. ಗುರುವಾರ ಮತ್ತೆ ಅದೇ ಪುಟದಲ್ಲಿ ನಲವತ್ತು ನಿಮಿಷ. ಪೊರೆ ಬಂದ ಕಣ್ಣಿನಲ್ಲಿ ಒಂದೊಂದೇ ಸಾಲು ಓದಿರಬೇಕು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಐದಕ್ಕೆ ಇನ್ನೂ ಹೊತ್ತಿತ್ತು. ಅಪ್ಪನ ಹೆಸರು ನೋಂದಾಯಿಸಿ ಫೋನ್ ಮಾಡಿದಳು.

“ಅಪ್ಪಾ, ಆ ಲಿಂಕೇ ಕೆಟ್ಟಿತ್ತು. ತಪ್ಪು ನಂದು. ನೀವು ಸರಿಯಾಗೇ ಒತ್ತಿದ್ರಿ. ಆಪರೇಷನ್ ಪಟ್ಟೀಲಿ ನಿಮ್ಮ ಹೆಸರು ಸೇರಿಸಿದೀನಿ.”

ಅಪ್ಪ ಆಪರೇಷನ್ನಿನ ಮಾತೇ ಎತ್ತಲಿಲ್ಲ.

“ಹಾಗಾದ್ರೆ ನನ್ನ ತಲೆಗೆ ಏನೂ ಆಗಿಲ್ವೇನಮ್ಮ?” ಎಂದು ಕೇಳಿದರು.